ಮಾತಿಗೂ ಪಗಾರವೇ?

ಸುಶಿಕ್ಷಿತರ ಪಡಸಾಲೆಗಳಲ್ಲಿ ಈಚೆಗೆ ಒಂದು ಆಕ್ಷೇಪವು ಆಗಾಗ ಕೇಳಬರುತ್ತಿದೆ. ತಾಲೂಕಿನ ಸರಕಾರಿ ದವಾಖಾನೆಗೆ ಮನೋವೈದ್ಯರ ಸಂಗಡ ಬರುವ ಆಪ್ತಸಮಾಲೋಚಕರೂ ಸಮಾಜಕಾರ್ಯಕರ್ತರೂ ಶುಶ್ರೂಷಕಿಯರೂ ಮಾಡುವುದಾದರೂ ಏನು? ರೋಗಿಯನ್ನು ಎದುರಿಗೆ ಕೂಡ್ರಿಸಿಕೊಂಡು ಮಾತನಾಡುವುದು. ಅವನ ಹೆಂಡತಿಯೊಡನೆ ಮಾತನಾಡುವುದು. ಬಾರದವರೊಡನೆ ಫೋನಿನಲ್ಲಿ ಮಾತನಾಡುವುದು. ಮಾತಿಗೂ ಪಗಾರವೇ? ಕಿತ್ತೂರ ನಾಡಿನಲ್ಲಿ ಕಟ್ಟೆಗೊಬ್ಬ ಮಾತುಗಾರನಿರುವಾಗ ಬೊಕ್ಕಸದ ಹಣವನ್ನು ಇದಕ್ಕೇಕೆ ಸುರಿಯಬೇಕು? ಇದು ಆ ಆಕ್ಷೇಪದ ಸಾರಾಂಶ.

ಆಕ್ಷೇಪಕರು ಓದು ಬಲ್ಲವರು, ಕೆಲವರು ಸಂಸ್ಕೃತವನ್ನೂ ಬಲ್ಲವರು. ಆದುದರಿಂದ ಅವರಿಗೆ ಮಾನ್ಯವಾದ ಗ್ರಂಥದಿಂದಲೇ ಉತ್ತರ ಹೇಳುವುದು ಯುಕ್ತವು. ಚರಕಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಉಪಚಾರಕನಿಗೆ ಉಪಚಾರದ ಅರಿವು, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳು ಬೇಕೆಂದು ಅಲ್ಲಿಯೇ ವಿಧಿಸಲಾಗಿದೆ. ಉಪಚಾರಕನಿಗೆ ಪಗಾರವೇಕೆನ್ನುವವರು ರೋಗಿಯನ್ನು ಮೂರು ಕಾಲಿನ ಮಂಚದ ಮೇಲೆ ಮಲಗಿಸತಕ್ಕವರು. ಅದೇ ಸಂಹಿತೆಯ ನಿದಾನಸ್ಥಾನದ 7ನೆಯ ಅಧ್ಯಾಯವು ಉನ್ಮಾದವನ್ನು ವಿವೇಚಿಸುತ್ತ, ದೇವ ಗಂಧರ್ವ ಪಿಶಾಚರ ಮೇಲೆ ತಪ್ಪನ್ನು ಹೊರಿಸಬಾರದೆಂಬ ಅಭಿಪ್ರಾಯವನ್ನು ಸ್ಪಷ್ಟವಾಗಿ ಸೂಚಿಸುತ್ತದೆ. ‘ಗಾಳಿ ಸೋಂಕಿದೆ’ ಎಂದು ನಿರ್ಣಯ ಕೊಡುವ ಪಂಡಿತರು ಆ ಪುಟವನ್ನೇಕೋ ತೆರೆಯುವುದಿಲ್ಲ. ಚಿಕಿತ್ಸಾಸ್ಥಾನದಲ್ಲಿ ಉನ್ಮತ್ತನನ್ನು ಕಟ್ಟುವ, ಬೆದರಿಸುವ ವಿಧಾನಗಳೂ ಇರುವುದು ನಿಜ. ಪ್ರಾಚೀನವಾದುದೆಲ್ಲ ಗ್ರಾಹ್ಯವಲ್ಲ, ಇಂದು 2017ರ ಮಾನಸಿಕ ಆರೋಗ್ಯ ಪಾಲನೆ ಕಾಯದೆಯು ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ, ಅದೇ ಸರಿ.

ಇನ್ನು ಆ ಮಾತು ಎಂಥದೆಂಬುದನ್ನು ನೋಡಬೇಕು. ರಾಜ್ಯ ಸರಕಾರವು 2014ರಲ್ಲಿ ಆರಂಭಿಸಿದ ‘ಮನೋಚೈತನ್ಯ’ ಕಾರ್ಯಕ್ರಮದಿಂದ ತಾಲೂಕಿನ ದವಾಖಾನೆಗಳಲ್ಲಿ ಮಂಗಳವಾರ ಮನೋವೈದ್ಯರು ರೋಗಿಗಳನ್ನು ನೋಡುವ ವ್ಯವಸ್ಥೆಯಾಯಿತು. ಅಂಥ ದಿನ ಒಬ್ಬೊಬ್ಬ ರೋಗಿಗೆ ವೈದ್ಯರಿಂದ ದೊರೆಯುವುದು ಕೆಲವೇ ನಿಮಿಷ. ಅಷ್ಟರಲ್ಲಿ ಅವರು ಗುಳಿಗೆ ಬರೆದುಕೊಡಬಲ್ಲರೇ ಹೊರತು, ಆ ಗುಳಿಗೆ ಹೊಟ್ಟೆಗೆ ಹೋಯಿತೋ, ನಾಲಗೆಯ ಕೆಳಗೆ ಅಡಗಿ ಹಿತ್ತಿಲಿಗೆ ಹೋಯಿತೋ ಎಂಬುದನ್ನು ಅರಿಯಲಾರರು. ಕೈ ನಡುಗುತ್ತದೆಯೇ, ಕತ್ತು ಬಿಗಿಯುತ್ತದೆಯೇ, ಮೈ ತೂಕವೇರಿದೆಯೇ, ಹೆಣ್ಣುಮಗಳಾದರೆ ಮುಟ್ಟು ನಿಂತಿದೆಯೇ ಎಂದು ಕೇಳತಕ್ಕವಳು ಶುಶ್ರೂಷಕಿ. ಇವು ಔಷಧದಿಂದಲೇ ಬರಬಹುದಾದ ತೊಂದರೆಗಳು. ಯಾರೂ ಕೇಳದಿದ್ದರೆ ರೋಗಿಯು ಸದ್ದಿಲ್ಲದೆ ಗುಳಿಗೆ ಬಿಡುತ್ತಾನೆ. ಬಿಟ್ಟ ಕೆಲವು ತಿಂಗಳಲ್ಲಿ ರೋಗ ಮರಳುತ್ತದೆ. ಆಗ ಮನೆಯವರು ಸರಕಾರಿ ಔಷಧಕ್ಕೆ ಗುಣವಿಲ್ಲವೆಂದು ಊರೆಲ್ಲ ಸಾರುತ್ತಾರೆ.

ಸಮಾಜಕಾರ್ಯಕರ್ತನ ಮಾತು ಬೇರೊಂದು ಬಗೆಯದು. ಅವನ ಮುಂದಿರುವುದು ಬಂದವರ ಪಟ್ಟಿಗಿಂತ ಬಾರದವರ ಪಟ್ಟಿ. ಕಬ್ಬು ಕಡಿಯುವ ಹಂಗಾಮಿನಲ್ಲಿ ಬೈಲಹೊಂಗಲ ಸೀಮೆಯ ಕೂಲಿಯವನು ಒಂದು ದಿನದ ಕೂಲಿ ಬಿಟ್ಟು ದವಾಖಾನೆಗೆ ಬರುವುದು ಸುಲಭವಲ್ಲ. ರಾಮದುರ್ಗದ ಕಡೆಯ ಹಳ್ಳಿಯ ಮುದುಕಿಯು ಮನೋರೋಗಿಯಾದ ಮಗನನ್ನು ಬಸ್ಸಿನಲ್ಲಿ ಒಬ್ಬಳೇ ಕರೆತರಲಾರಳು. ಇದನ್ನರಿತು ಆಶಾ ಕಾರ್ಯಕರ್ತೆಯ ಕೈಯಲ್ಲಿ ಗುಳಿಗೆ ಮುಟ್ಟಿಸುವುದು, ಬಂದಾಗ ಎರಡು ತಿಂಗಳಿಗಾಗುವಷ್ಟು ಕೊಡಿಸುವುದು, 2016ರ ವಿಕಲಚೇತನರ ಹಕ್ಕುಗಳ ಕಾಯದೆಯಂತೆ ಮನೋರೋಗಿಗೂ ಪ್ರಮಾಣಪತ್ರ ಸಲ್ಲುತ್ತದೆಂದು ತಿಳಿಸಿ, ಅದರ ಮೇಲೆ ಮಾಸಾಶನಕ್ಕೆ ಅರ್ಜಿ ಬರೆಯಿಸುವುದು: ಈ ಎಲ್ಲವೂ ‘ಬರಿಯ ಮಾತಿ’ನಿಂದಲೇ ಆಗತಕ್ಕ ಕೆಲಸ. ಕಟ್ಟೆಯ ಮಾತುಗಾರನು ಇವುಗಳಲ್ಲಿ ಒಂದನ್ನಾದರೂ ಮಾಡಿದ್ದಾನೆಯೇ?

ಬೆಳೆ ಕೈಕೊಟ್ಟು, ಸಾಲ ಮೇಲೇರಿ, ಬೆಳೆಗೆ ತಂದ ಕೀಟನಾಶಕವನ್ನೇ ಕುಡಿದವನು ಬದುಕಿ ಉಳಿದರೆ ಅವನೊಡನೆ ಮೊದಲು ಮಾತನಾಡುತ್ತಿದ್ದವರು ಪೊಲೀಸರು. ಭಾರತೀಯ ದಂಡಸಂಹಿತೆಯ 309ನೆಯ ಕಲಮಿನಂತೆ ಅದು ಅಪರಾಧವಾಗಿತ್ತು. 2017ರ ಕಾಯದೆಯು ಅಂಥವನನ್ನು ತೀವ್ರ ಮನೋವ್ಯಥೆಗೆ ಒಳಗಾದವನೆಂದೇ ಭಾವಿಸಬೇಕೆಂದಿತು. 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಆ ಹಳೆಯ ಕಲಮೇ ಇಲ್ಲ. ಕಾಯದೆ ಬದಲಾದರೆ ಸಾಲದು. ಹೊಟ್ಟೆ ತೊಳೆಯಿಸಿಕೊಂಡು ಮಲಗಿದವನ ಮಂಚದ ಬಳಿ ಕುಳಿತು, ಮರಳಿ ಮನೆಗೆ ಹೋದ ಮೇಲೆ ಆ ಔಷಧದ ಡಬ್ಬಿಯನ್ನು ಯಾರ ವಶದಲ್ಲಿಡಬೇಕೆಂದು ಗೊತ್ತುಮಾಡುವವರು ಬೇಕು. ಅವರೇ ಈ ಪಗಾರದವರು.

ಇಲ್ಲಿ ಆಕ್ಷೇಪಕರ ಮನೆಯ ಮಾತನ್ನೇ ಎತ್ತದೆ ವಿಧಿಯಿಲ್ಲ. ಬಡವನು ತನ್ನ ರೋಗಿಯನ್ನು ಸರಕಾರಿ ದವಾಖಾನೆಯ ಕಟ್ಟೆಯ ಮೇಲೆ ಹತ್ತು ಮಂದಿಯ ಎದುರಿಗೆ ಕೂಡ್ರಿಸುತ್ತಾನೆ. ಸಂಭಾವಿತರು ಪರಿಚಿತರ ಕಣ್ಣಿಗೆ ಬೀಳದಂತೆ ದೂರದ ಪಟ್ಟಣಕ್ಕೆ ಸ್ವಂತ ಮೋಟಾರಿನಲ್ಲಿ ಒಯ್ಯುತ್ತಾರೆ. ಮಗಳಿಗೆ ಗುಣವಾದೊಡನೆ ಗುಟ್ಟಾಗಿ ಲಗ್ನ ಗೊತ್ತುಮಾಡುತ್ತಾರೆ. ಅತ್ತೆಯ ಮನೆಯಲ್ಲಿ ಗುಳಿಗೆಯ ಚೀಟಿ ಕಂಡರೆ ಮಾನ ಹೋದೀತೆಂದು ಔಷಧವನ್ನು ನಿಲ್ಲಿಸಿ ಕಳಿಸುತ್ತಾರೆ. ನಿದ್ರೆಗೆಟ್ಟ ಮದುವೆಯ ದಿನಗಳು, ಹೊಸ ಮನೆ, ನಿಂತ ಔಷಧ, ಇಷ್ಟು ಕೂಡಿದರೆ ರೋಗ ಮರಳಲು ಬೇರೆ ಕಾರಣ ಬೇಕಿಲ್ಲ. ಆಗ ಆ ಹುಡುಗಿಯು ತವರಿಗೆ ಬಂದು ಬೀಳುತ್ತಾಳೆ, ಎರಡೂ ಮನೆಯವರು ಜಾತಕವನ್ನು ದೂರುತ್ತಾರೆ. ಈ ಎರಡು ಮನೆಗಳ ನಡುವೆ ಕುಳಿತು ಸತ್ಯವನ್ನು ನುಡಿಯುವ ಧೈರ್ಯವು ಬಂಧುಗಳಲ್ಲಿ ಯಾರಿಗಿದೆ? ಅದಕ್ಕೂ ದವಾಖಾನೆಯ ಆ ಮಾತುಗಾರರನ್ನೇ ಕರೆಯಬೇಕಾಗುತ್ತದೆ.

ಮತ್ತೆ ಕೆಲವರು, 2022ರ ಅಕ್ಟೋಬರ 10ರಂದು ಕೇಂದ್ರ ಸರಕಾರವು ಟೆಲಿ-ಮಾನಸ್ ಎಂಬ 14416 ಸಂಖ್ಯೆಯ ಸೇವೆಯನ್ನು ತೆರೆದಿರುವಾಗ ಊರಲ್ಲಿ ಜನರೇಕೆ ಬೇಕೆನ್ನುತ್ತಾರೆ. ಅದು ಒಳ್ಳೆಯ ಸೇವೆ. ಮಧ್ಯರಾತ್ರಿಯ ಸಂಕಟಕ್ಕೆ ಅದೇ ಕೈಗೆ ಸಿಗತಕ್ಕದ್ದು. ಆದರೆ ಫೋನು ನಡುಗುವ ಕೈಯನ್ನು ಕಾಣಲಾರದು, ತಿಂಗಳಿಗೊಮ್ಮೆಯ ಸೂಜಿಮದ್ದನ್ನು ಚುಚ್ಚಲಾರದು.

ಸವದತ್ತಿಯ ಗುಡ್ಡಕ್ಕೆ ರೋಗಿಯನ್ನು ಒಯ್ಯುವ ವಿಷಯವೂ ವಾದಕ್ಕೆ ಬರುತ್ತದೆ. ಎಲ್ಲಮ್ಮನಿಗೆ ಹರಕೆ ಹೊರುವವರನ್ನು ಹೀಯಾಳಿಸುವುದರಿಂದ ಒಬ್ಬ ರೋಗಿಗೂ ಗುಣವಾಗದು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾರದೆ ಹೋದರು; ಸತ್ತವರು 28 ಮಂದಿ. ಗುಜರಾತದ ಉನಾವಾ ಗ್ರಾಮದ ಮೀರಾ ದಾತಾರ ದರ್ಗಾದಲ್ಲಿಯಾದರೋ, ಪ್ರಾರ್ಥನೆಗೆ ಬಂದವರಿಗೆ ಅಲ್ಲಿಯೇ ಔಷಧವನ್ನೂ ಕೊಡುವ ಏರ್ಪಾಡಾಯಿತು. ಎರಡೂ ಕಡೆ ಭಕ್ತಿಯಿತ್ತು. ವೈದ್ಯಸೇವೆಯಿದ್ದುದು ಒಂದೇ ಕಡೆ. ಹುಣ್ಣಿಮೆಯ ಜಾತ್ರೆಗೆ ಲಕ್ಷೋಪಲಕ್ಷ ಜನ ಸೇರುವ ಗುಡ್ಡದ ಕೆಳಗೆ ಅಂಥದೊಂದು ಮೇಜು ಹಾಕಿದರೆ ದೇವಿಯು ಮುನಿಯಳು.

ಈ ಕೆಲಸವು ಪರದೇಶದಿಂದ ಬಂದ ಶೋಕಿಯೆಂಬ ಮಾತಂತೂ ಶುದ್ಧ ಅಜ್ಞಾನ. ಧಾರವಾಡದಲ್ಲಿ 1845ರಲ್ಲಿ ಇಂಗ್ಲಿಷರು ತೆರೆದುದು ‘ಹುಚ್ಚರ ಆಸ್ಪತ್ರೆ’. ಅದು ಇಂದು, 2009ರಿಂದ, ಡಿಮ್ಹಾನ್ಸ್ ಎಂಬ ಸಂಸ್ಥೆ. ಆದರೆ ಗೋಡೆಯೊಳಗೆ ಕೂಡಿಹಾಕದೆ ಹಳ್ಳಿಯ ಆರೋಗ್ಯಕೇಂದ್ರದಲ್ಲಿಯೇ ಮನೋರೋಗಕ್ಕೆ ಮದ್ದು ಕೊಡಬಹುದೆಂಬುದನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಶಿಕ್ಷಣವಿತ್ತು ತೋರಿಸಿದರು. 1996ರಲ್ಲಿ ಭಾರತ ಸರಕಾರವು ಕೈಗೊಂಡ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ಕನ್ನಡ ಜಿಲ್ಲೆಯೊಂದು ದೇಶಕ್ಕೆ ಕಲಿಸಿದ ಪಾಠವನ್ನು ಕಿತ್ತೂರ ನಾಡಿನ ಸುಶಿಕ್ಷಿತರು ಓದದೆ ಇರುವುದು ವಿಷಾದಕರ. 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಒಂದಿಲ್ಲೊಂದು ಮನೋರೋಗವಿತ್ತು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಪಗಾರದ ಪ್ರಶ್ನೆಯನ್ನು ಎತ್ತಿದವರು ಅದನ್ನು ಪೂರ್ಣವಾಗಿಯೇ ಎತ್ತಲಿ. ಈ ಕಾರ್ಯಕರ್ತರಲ್ಲಿ ಅನೇಕರು ವರ್ಷ ವರ್ಷ ನವೀಕರಿಸಬೇಕಾದ ಗುತ್ತಿಗೆಯ ಮೇಲಿದ್ದಾರೆ. ಮನೋರೋಗಿಯು ಒಬ್ಬರನ್ನು ನಂಬಲು ತಿಂಗಳುಗಳು ಬೇಕು; ನಂಬಿದ ಹೊತ್ತಿಗೆ ಆ ಮುಖವೇ ಬದಲಾದರೆ ಮತ್ತೆ ಮೊದಲಿನಿಂದ ಆರಂಭ. ಶಾಲೆಯಲ್ಲಿ ವರ್ಷದ ನಡುವೆ ಮಾಸ್ತರರು ಬದಲಾದರೆ ಮಕ್ಕಳ ಓದು ಕೆಡುತ್ತದೆಂದು ಕೂಗುವ ಪಾಲಕರಿಗೆ ಇದು ತಿಳಿಯದ ವಿಷಯವಲ್ಲ. ಅಲ್ಲದೆ ಅವರ ಕೆಲಸವನ್ನು ಅಳೆಯುವುದು ದಿನಕ್ಕೆ ಎಷ್ಟು ಹೆಸರು ಬರೆದರೆಂಬ ಲೆಕ್ಕದಿಂದ. ಒಬ್ಬ ವಿಧವೆಯೊಡನೆ ಒಂದು ತಾಸು ಕುಳಿತು ಅವಳನ್ನು ಬಾವಿಯ ದಂಡೆಯಿಂದ ಹಿಂದಕ್ಕೆ ಕರೆದುದು ಆ ಪಟ್ಟಿಯಲ್ಲಿ ‘ಒಂದು’ ಎಂದಷ್ಟೇ ಕಾಣುತ್ತದೆ.

ಇನ್ನೊಂದು ಸಣ್ಣ ವಿಷಯ. ಇಂಥ ಮಾತು ಗುಟ್ಟಿನದು. ಪಡಸಾಲೆಯ ಮೂಲೆಯಲ್ಲಿ, ಔಷಧದ ಸರದಿಯ ಪಕ್ಕದಲ್ಲಿ ಆಡತಕ್ಕದ್ದಲ್ಲ. ಅದಕ್ಕೆ ಬಾಗಿಲಿರುವ ಒಂದು ಕೋಣೆ ಬೇಕು. ತಾಲೂಕು ದವಾಖಾನೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ಅವುಗಳಲ್ಲಿ ಊರಿನ ಸಂಭಾವಿತರಿಗೂ ಸ್ಥಾನವುಂಟು. ಮಾತಿಗೆ ಪಗಾರವೇಕೆಂದು ಕೇಳುವವರು ಮುಂದಿನ ಸಭೆಯಲ್ಲಿ ಎದ್ದು ನಿಂತು, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ದವಾಖಾನೆಗಳಲ್ಲಿ ಆ ಕೋಣೆಯಿದೆಯೇ, ಇದ್ದರೆ ಅದಕ್ಕೆ ಬಾಗಿಲಿದೆಯೇ ಎಂದು ಕೇಳಲಿ.