ತೀರಿಸದ ಹರಕೆ

ಬೆಂಗಳೂರಿನ ಟ್ರಾಫಿಕ್ಕಿನ ಮಾತು ಬಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ: "ನಮ್ಮವರ ಹಣೆಬರಹವೇ ಅಷ್ಟು ಟೀಚರೇ, ಅಮೆರಿಕದಲ್ಲಾದರೆ ಹೀಗಾಗುತ್ತಿತ್ತೇ?"

ಆಗುತ್ತಿತ್ತು ಮಾರಾಯ್ರೇ, ಆಗಿದೆ. ಅಲ್ಲಿನ ಸಿನ್ಸಿನಾಟಿ ನಗರದಲ್ಲಿ 1916ರಲ್ಲಿ ಜನರೇ ಮತ ಹಾಕಿ, ನೆಲದಡಿಯ ರೈಲಿಗಾಗಿ 60 ಲಕ್ಷ ಡಾಲರ್ ಸಾಲ ಎತ್ತಲು ಒಪ್ಪಿದರು. ನಡುವೆ ಮಹಾಯುದ್ಧ ಬಂತು. 1920ರಲ್ಲಿ ಹಳೆಯ ಕಾಲುವೆಯ ಪಾತ್ರದಲ್ಲಿ ಕೆಲಸ ಶುರುವಾಗುವ ಹೊತ್ತಿಗೆ ಬೆಲೆಗಳು ಏರಿ, ಆ ಹಣ ಸಾಲದೆ ಹೋಯಿತು. ಸುರಂಗವಾಯಿತು, ನಿಲ್ದಾಣಗಳಾದವು, ಹಳಿ ಮಾತ್ರ ಬೀಳಲಿಲ್ಲ. ಆ ದಶಕ ಮುಗಿಯುವ ಮೊದಲೇ ಕೆಲಸ ನಿಂತಿತು. ಒಬ್ಬ ಪ್ರಯಾಣಿಕನೂ ಹತ್ತದ ಆ ರೈಲಿನ ಸಾಲ ತೀರಿದ್ದು 1966ರಲ್ಲಿ. ಅಜ್ಜಂದಿರ ಸಾಲವನ್ನು ಮೊಮ್ಮಕ್ಕಳು ತೀರಿಸಿದರು.

ಹಾಗೆಂದು ನಮ್ಮವರನ್ನು ಸುಮ್ಮನೆ ಬಿಡಬೇಕೆ? ಸಿನ್ಸಿನಾಟಿಯಲ್ಲಿ ತಪ್ಪಿಗೆ ಸಾಕ್ಷಿಯಾಗಿ ಸುರಂಗವಾದರೂ ಉಳಿದಿದೆ. ಬೆಂಗಳೂರಿನಲ್ಲಿ ಅದೂ ಇಲ್ಲ. 1994ರಲ್ಲಿ ಸರ್ಕಾರ ನಗರ ರೈಲಿಗೆಂದೇ ಒಂದು ಕಂಪೆನಿ ಮಾಡಿತು. ಖಾಸಗಿಯವರನ್ನು ಸೇರಿಸಿಕೊಂಡು ಕಂಬಗಳ ಮೇಲೆ ಹಗುರ ರೈಲು ಓಡಿಸುವ ಮಾತಾಯಿತು. ಆ ರೈಲು ಕಡತದಿಂದ ಹೊರಗೆ ಬರಲೇ ಇಲ್ಲ. ಆಮೇಲಿನ 'ನಮ್ಮ ಮೆಟ್ರೊ'ಗೆ ಶಿಲಾನ್ಯಾಸವಾದದ್ದು 2006ರಲ್ಲಿ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ, ಏಳು ಕಿಲೋಮೀಟರಿಗೂ ಕಡಿಮೆ ದೂರ, ಮೊದಲ ಬಾರಿ ಓಡಿದ್ದು 2011ರ ಅಕ್ಟೋಬರ್ 20ರಂದು. 1991ರ ಜನಗಣತಿಯಲ್ಲಿ ಸುಮಾರು 41 ಲಕ್ಷವಿದ್ದ ನಗರದ ಜನಸಂಖ್ಯೆ ಅಷ್ಟರಲ್ಲಿ 85 ಲಕ್ಷಕ್ಕೆ ಮುಟ್ಟಿತ್ತು.

"ಈಗ ಮೆಟ್ರೊ ಬಂತಲ್ಲ, ಹಳೆಯದನ್ನು ಕೆದಕುವುದೇಕೆ?" ಅನ್ನುವವರಿದ್ದಾರೆ. ಹೋದ ವರ್ಷಗಳು ಯಾರವು? ಮೂಡುಬಿದಿರೆಗೆ ರೈಲಿಲ್ಲ. ನನ್ನ ಕೈಯಲ್ಲಿ ಕಲಿತ ಮಕ್ಕಳು ರಾತ್ರಿ ಬಸ್ಸು ಹತ್ತಿ ಘಟ್ಟ ಏರಿದವರು. ಅವರಲ್ಲೊಬ್ಬಳು ರಜೆಯಲ್ಲಿ ಬಂದಾಗ ಹೇಳಿದ್ದಳು: "ಮಗು ಏಳುವ ಮೊದಲೇ ಹೊರಡುತ್ತೇನೆ ಟೀಚರ್, ಬಸ್ಸಿಳಿದು ಮನೆ ಸೇರುವಾಗ ಅದಕ್ಕೆ ನಿದ್ರೆ ಬಂದಿರುತ್ತದೆ." ಆ ಹಳೆಯ ಯೋಜನೆ ದುಬಾರಿಯಾಗಿದ್ದರೆ ಕೈಬಿಟ್ಟದ್ದು ಸರಿಯೇ ಇರಬಹುದು. ಆದರೆ ಕೈಬಿಡುವುದಕ್ಕೂ ಖರ್ಚಿದೆ. ಅದನ್ನು ತೆತ್ತವರು ಇಂಥ ಮಕ್ಕಳು.

ನಮ್ಮ ತುಳುನಾಡಿನಲ್ಲಿ ಹರಕೆ ಹೊತ್ತು ತೀರಿಸಲಾಗದವರು ದೈವದ ಮುಂದೆ ನಿಂತು ತಪ್ಪು ಕಾಣಿಕೆ ಹಾಕುತ್ತಾರೆ. ಸರ್ಕಾರಗಳಿಗೆ ಆ ಪದ್ಧತಿಯಿಲ್ಲ. ಹಳೆಯ ಹರಕೆ ಮರೆತು ಹೊಸದನ್ನು ಹೇಳಿದರೆ ಆಯಿತು, ಪೇಪರಿನಲ್ಲಿ ಫೋಟೋ ಬರುತ್ತದೆ. ಶಿಲಾನ್ಯಾಸದ ಕಲ್ಲಿನಲ್ಲಿ ಹೆಸರು ಕೆತ್ತಿಸುವವರು, ಕೈಬಿಟ್ಟ ಯೋಜನೆಗೂ ಒಂದು ಕಲ್ಲು ಹಾಕಿಸಲಿ. ಯಾವಾಗ ಹೇಳಿದೆವು, ಎಷ್ಟು ಖರ್ಚು ಮಾಡಿದೆವು, ಯಾಕೆ ಬಿಟ್ಟೆವು ಎಂದು ಅದರಲ್ಲಿ ಬರೆಯಲಿ.

ಲೆಕ್ಕ ಅರ್ಧಕ್ಕೆ ಬಿಟ್ಟು ಪುಟ ಮಗುಚುವ ಮಕ್ಕಳಿಗೆ ನಾನು ಹೇಳುವುದೂ ಇಷ್ಟೆ: ಎಲ್ಲಿ ತಪ್ಪಿತೆಂದು ಮೊದಲು ತೋರಿಸು, ಹೊಸ ಲೆಕ್ಕ ಆಮೇಲೆ.