ನರಹುಲಿ ಯಾರ ವಿರುದ್ಧವೂ ಸಾಕ್ಷಿಯಲ್ಲ

ಧಾರವಾಡದಲ್ಲಿ ನನ್ನ ಜೊತೆ ಒಂದೇ ರೂಮಿನಲ್ಲಿದ್ದು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದ ಗೆಳೆಯ ಒಂದು ಸಂಜೆ ಪುಸ್ತಕ ಮುಚ್ಚಿಟ್ಟು ಗೋಡೆ ನೋಡುತ್ತ ಕೂತುಬಿಟ್ಟ. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟ. ಜನನಾಂಗದ ಹತ್ತಿರ ಅಕ್ಕಿಕಾಳಿನಷ್ಟು ಗಾತ್ರದ ಮೂರ್ನಾಲ್ಕು ಗಂಟುಗಳು ಎದ್ದಿದ್ದವು. ನೋವಿಲ್ಲ, ತುರಿಕೆಯಿಲ್ಲ. ಮೊಬೈಲಿನಲ್ಲಿ ಹುಡುಕಿದಾಗ ‘ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು’ ಎಂಬ ಸಾಲು ಸಿಕ್ಕಿದೆ. ಮುಂದಕ್ಕೆ ಓದಿಲ್ಲ. ನಾಲ್ಕು ವರ್ಷದಿಂದ ಜೊತೆಗಿದ್ದ ಹುಡುಗಿಗೆ ಫೋನ್ ಮಾಡಿ, ‘ಯಾರವನು?’ ಎಂದು ಕೇಳಿದ್ದಾನೆ. ‘ನಿನಗೆ ಬಂದದ್ದಕ್ಕೆ ನಾನು ಲೆಕ್ಕ ಕೊಡಬೇಕಾ?’ ಎಂದು ಅವಳು ಫೋನ್ ಇಟ್ಟಿದ್ದಾಳೆ. ಎರಡು ತಿಂಗಳು ಇಬ್ಬರಿಗೂ ಮಾತಿರಲಿಲ್ಲ. (ಇಬ್ಬರನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ಕೊನೆಗೆ ಎಳೆದುಕೊಂಡು ಚರ್ಮರೋಗ ವಿಭಾಗಕ್ಕೆ ಹೋದೆವು. ವೈದ್ಯೆ ನೋಡಿದ ಕೂಡಲೇ, ‘ನರಹುಲಿ, ಎಚ್‌ಪಿವಿಯಿಂದ ಬರುವುದು’ ಎಂದರು. ‘ಯಾರಿಂದ ಬಂತು ಮೇಡಂ?’ ಇವನ ಮೊದಲ ಪ್ರಶ್ನೆ ಅದೇ. ಅವರು ಉತ್ತರಿಸದೆ, ಈಗಿನ ಸಂಗಾತಿಗಿಂತ ಮೊದಲು ಯಾರ ಜೊತೆಗಾದರೂ ಸಂಪರ್ಕವಿತ್ತೇ ಎಂದು ಕೇಳಿದರು. ಇವನು ತಲೆ ತಗ್ಗಿಸಿದ. ಡಿಗ್ರಿ ಓದುವಾಗಿನ ಒಂದು ಸಂಬಂಧ ಇವನಿಗೆ ಆವರೆಗೆ ನೆನಪಿಗೇ ಬಂದಿರಲಿಲ್ಲ!

ಹ್ಯೂಮನ್ ಪ್ಯಾಪಿಲೋಮಾ ವೈರಸ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳಿವೆ. ಕೈಬೆರಳ ಮೇಲೆ ಏಳುವ, ನಮ್ಮ ಹಳ್ಳಿಗಳಲ್ಲಿ ಕುದುರೆ ಕೂದಲು ಕಟ್ಟಿ ಬೀಳಿಸುವ ನರಹುಲಿಯೂ ಇದೇ ಕುಟುಂಬದ ಬೇರೆ ಬಗೆಗಳ ಕೆಲಸ. ಜನನಾಂಗದ ನರಹುಲಿಗಳಲ್ಲಿ ಶೇ 90ರಷ್ಟಕ್ಕೆ 6 ಮತ್ತು 11ನೇ ಬಗೆ ಕಾರಣ. ಚರ್ಮಕ್ಕೆ ಚರ್ಮ ತಾಗಿದರೆ ಹರಡುತ್ತದೆ. ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಅದು ಮುಚ್ಚದ ಜಾಗದಿಂದಲೂ ಸೋಂಕು ದಾಟಬಹುದು. ಲೈಂಗಿಕ ಜೀವನ ಇರುವ ಬಹುತೇಕರಿಗೆ ಯಾವಾಗಲಾದರೊಮ್ಮೆ ಎಚ್‌ಪಿವಿಯ ಒಂದಲ್ಲ ಒಂದು ಬಗೆ ತಗುಲುತ್ತದೆ. ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ಅದನ್ನು ತಾನೇ ಅಡಗಿಸುತ್ತದೆ, ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಕೆಲವರಲ್ಲಿ ಮಾತ್ರ ಗಂಟು ಏಳುತ್ತದೆ. ಅದು ತಗುಲಿದ ಕೆಲವು ವಾರಕ್ಕೆ ಇರಬಹುದು, ತಿಂಗಳುಗಳ ಮೇಲಿರಬಹುದು, ವರ್ಷಗಳೇ ಕಳೆದ ಮೇಲೂ ಇರಬಹುದು. ಒಬ್ಬರಿಗೆ ಎದ್ದು ಇನ್ನೊಬ್ಬರಿಗೆ ಏನೂ ಆಗದೆಯೂ ಇರಬಹುದು.

ಆದ್ದರಿಂದ ಇಂದು ಕಂಡ ಗಂಟನ್ನು ನೋಡಿ ಸೋಂಕಿನ ತಾರೀಖು ಹೇಳಲು ಯಾವ ವೈದ್ಯರಿಗೂ ಸಾಧ್ಯವಿಲ್ಲ. ಯಾರು ಯಾರಿಗೆ ಕೊಟ್ಟರು ಎಂದು ತೀರ್ಪು ಕೊಡುವ ರಕ್ತಪರೀಕ್ಷೆಯೂ ಇಲ್ಲ. ಸಂಬಂಧದಲ್ಲಿ ಮೋಸ ನಡೆಯುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಡೆದಿದ್ದರೂ ಅದನ್ನು ಸಾಬೀತುಪಡಿಸುವ ದಾಖಲೆ ನರಹುಲಿಯಲ್ಲ, ಅಷ್ಟೇ. ಅನುಮಾನ ಮೊದಲೇ ಇದ್ದರೆ ಅದನ್ನು ಬೇರೆಯಾಗಿ ಮಾತಾಡಿಕೊಳ್ಳಬೇಕು, ವೈರಸ್ಸಿನ ಹೆಗಲ ಮೇಲೆ ಬಂದೂಕಿಟ್ಟು ಅಲ್ಲ. ಇನ್ನೊಂದು ಮಾತು. ಗಂಟು ಹುಡುಗನಿಗೆ ಎದ್ದರೂ ಹುಡುಗಿಗೆ ಎದ್ದರೂ ನಮ್ಮಲ್ಲಿ ಕಟಕಟೆಗೆ ನಿಲ್ಲುವುದು ಹುಡುಗಿಯೇ. ನನ್ನ ಗೆಳೆಯ ಕೆಟ್ಟವನಲ್ಲ. ಆದರೂ ತನ್ನ ಹಿಂದಿನದು ಅವನಿಗೆ ‘ಮುಗಿದ ಕಥೆ’, ಅವಳದು ಮಾತ್ರ ವಿಚಾರಣೆಗೆ ಯೋಗ್ಯ.

ಅವಳಿಗೆ ಕಾಡಿದ ಭಯವೇ ಬೇರೆ. ಎಚ್‌ಪಿವಿ ಎಂದೊಡನೆ ಗರ್ಭಕೊರಳಿನ ಕ್ಯಾನ್ಸರ್ ನೆನಪಾಗಿದೆ. ಆ ಕ್ಯಾನ್ಸರ್‌ನ ಸುಮಾರು ಶೇ 70ರಷ್ಟಕ್ಕೆ ಕಾರಣ 16 ಮತ್ತು 18ನೇ ಬಗೆಗಳು. ವೈರಸ್‌ಗೂ ಕ್ಯಾನ್ಸರ್‌ಗೂ ಇರುವ ನಂಟನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ನರಹುಲಿ ಎಬ್ಬಿಸುವ 6 ಮತ್ತು 11 ಕ್ಯಾನ್ಸರ್‌ನ ದಾರಿ ಹಿಡಿಯುವುದು ತೀರಾ ಅಪರೂಪ. ಹಾಗೆಂದು ಮೂವತ್ತು ದಾಟಿದ ಮೇಲೆ ಹೆಣ್ಣುಮಕ್ಕಳು ಮಾಡಿಸಿಕೊಳ್ಳಬೇಕಾದ ಗರ್ಭಕೊರಳಿನ ತಪಾಸಣೆಯನ್ನು ಬಿಡುವಂತಿಲ್ಲ, ಗಂಟು ಬಂದಿರಲಿ ಬಿಡಲಿ.

ಚಿಕಿತ್ಸೆ ಸರಳ, ತಾಳ್ಮೆ ಮಾತ್ರ ಬೇಕು. ಮುಲಾಮು, ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವುದು, ವಿದ್ಯುತ್ತಿನಿಂದ ಸುಡುವುದು ಹೀಗೆ ಹಲವು ದಾರಿಗಳಿವೆ. ಯಾವುದೂ ವೈರಸ್ಸನ್ನು ಕೊಲ್ಲುವುದಿಲ್ಲ, ಗಂಟನ್ನಷ್ಟೇ ತೆಗೆಯುತ್ತದೆ. ಹಾಗಾಗಿ ಮತ್ತೆ ಎದ್ದರೆ ಗಾಬರಿಯಾಗಬೇಕಿಲ್ಲ, ಹೊಸ ಅನುಮಾನವೂ ಬೇಡ. ಸುಣ್ಣ-ಸೋಡಾ ಹಚ್ಚುವ ಸಾಹಸ ಮಾತ್ರ ಬೇಡವೇ ಬೇಡ. ಬಸ್ ನಿಲ್ದಾಣದ ಶೌಚಾಲಯದ ಗೋಡೆಯಲ್ಲಿ ‘ಗುಪ್ತರೋಗಕ್ಕೆ ಶಾಶ್ವತ ಪರಿಹಾರ’ ಎಂದು ಅಂಟಿಸಿರುವ ನಂಬರಿಗೆ ಫೋನ್ ಮಾಡುವುದೂ. ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಎಂಬ ಕೊಠಡಿ ಇರುವುದೇ ಇಂಥ ತೊಂದರೆಗಳಿಗಾಗಿ, ಉಚಿತವಾಗಿ. ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯನ್ನೂ ಒಟ್ಟಿಗೆ ಮಾಡಿಸಿಕೊಂಡರೆ ಮನಸ್ಸು ಹಗುರ.

ಲಸಿಕೆ ಹುಡುಗಿಯರಿಗೆ ಮಾತ್ರ ಎಂದು ನಾನೂ ನಂಬಿದ್ದೆ. 2022ರಲ್ಲಿ ಅನುಮತಿ ಪಡೆದ ನಮ್ಮ ದೇಶದ್ದೇ ಲಸಿಕೆ ‘ಸೆರ್ವಾವ್ಯಾಕ್’ 6, 11, 16, 18 ಈ ನಾಲ್ಕೂ ಬಗೆಗಳನ್ನು ತಡೆಯುತ್ತದೆ. 9ರಿಂದ 26ರ ವಯಸ್ಸಿನ ಹುಡುಗರೂ ಹಾಕಿಸಿಕೊಳ್ಳಬಹುದು. ಇದೇ ನಾಲ್ಕು ಬಗೆಗಳ ಲಸಿಕೆಯನ್ನು ಆಸ್ಟ್ರೇಲಿಯಾ 2007ರಲ್ಲಿ ಹುಡುಗಿಯರಿಗೆ ಕೊಡಲಾರಂಭಿಸಿತು. 2011ರ ಹೊತ್ತಿಗೆ ಅಲ್ಲಿನ ಲೈಂಗಿಕ ಆರೋಗ್ಯ ಕ್ಲಿನಿಕ್‌ಗಳಿಗೆ ಬರುವ 21ರೊಳಗಿನ ಹುಡುಗಿಯರಲ್ಲಿ ನರಹುಲಿ ಶೇ 11.5ರಿಂದ ಶೇ 1ಕ್ಕಿಂತ ಕೆಳಗಿಳಿದಿತ್ತು. ಈಗಾಗಲೇ ತಗುಲಿದ ಬಗೆಯನ್ನು ಲಸಿಕೆ ಓಡಿಸದು, ತಗುಲದವನ್ನು ತಡೆಯುತ್ತದೆ. ಇಪ್ಪತ್ತೈದರ ಗೆಳೆಯ ಹಾಕಿಸಿಕೊಂಡ. ಮೂರು ಡೋಸು, ಆರು ತಿಂಗಳು, ನಿರುದ್ಯೋಗಿಯ ಜೇಬಿಗೆ ಭಾರವೇ. ಮೊದಲ ಡೋಸಿನ ದುಡ್ಡು ಅವಳು ಕೊಟ್ಟಳು.

ಅದಕ್ಕೂ ಮೊದಲು ಅವನು ಹುಬ್ಬಳ್ಳಿಗೆ ಹೋಗಿ ಡಿಗ್ರಿ ಕಾಲದ ಆ ಸಂಗತಿ ಹೇಳಿ ಕ್ಷಮೆ ಕೇಳಿ ಬಂದಿದ್ದ. ಕ್ಷಮಿಸಲು ಅವಳು ವಾರ ತೆಗೆದುಕೊಂಡಳು. ಕಳೆದ ತಿಂಗಳು ಒಂದು ಗಂಟು ಮತ್ತೆ ಎದ್ದಿದೆ. ಈ ಸಲ ಮೊದಲು ಹೇಳಿದ್ದು ಅವಳಿಗೇ. ಆಸ್ಪತ್ರೆಗೂ ಅವಳೇ ಜೊತೆಗೆ ಹೋದಳು, ನಾನು ರೂಮಿನಲ್ಲಿ ಓದುತ್ತ ಕೂತಿದ್ದೆ.