ಒಲೆ ಮುಂದೆ ಕೂತವಳನ್ನು ಕೇಳಿದಿರಾ?

ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಅಂದು ನಮ್ಮ ಶಾಲೆಯಲ್ಲಿ ಪ್ರಬಂಧ ಸ್ಪರ್ಧೆ ಇರುತ್ತದೆ. ನಾನು ಬಿ.ಎ., ಬಿ.ಎಡ್. ಮಾಡಿ ಸಮಾಜ ಪಾಠ ಹೇಳುವವಳು. ಆದರೂ ‘ಕಾಗುಣಿತ ನೋಡೋಕೆ ನೀವೇ ಸರಿ ಮೇಡಂ’ ಎಂದು ತೀರ್ಪುಗಾರರ ಕುರ್ಚಿಯಲ್ಲಿ ಕೂರಿಸುತ್ತಾರೆ. ಈಚೆಗೆ ಒಂದು ವರ್ಷ ಕೊಟ್ಟ ವಿಷಯ ‘ನಾಳಿನ ಇಂಧನ’. ಮಕ್ಕಳೆಲ್ಲ ಒಬ್ಬರನ್ನು ನೋಡಿ ಒಬ್ಬರು ಬರೆದಂತೆ ಹಸಿರು ಹೈಡ್ರೋಜನ್ ಎಂದು ಬರೆದಿದ್ದರು. ಬಹುಮಾನ ಬಂದ ಹುಡುಗಿಯನ್ನು ಹತ್ತಿರ ಕರೆದೆ. ಅವಳ ಯೂನಿಫಾರಂನಿಂದ ಸೌದೆ ಹೊಗೆಯ ವಾಸನೆ.

“ಮನೇಲಿ ಗ್ಯಾಸ್ ಇಲ್ವೇನಮ್ಮ?”

“ಇದೆ ಮಿಸ್. ನೆಂಟರು ಬಂದಾಗ ಹಚ್ತಾರೆ.”

ನಾನು ಸುಮ್ಮನಾದೆ. ಹೊಗೆಯಲ್ಲಿ ಕೂತು ಹೈಡ್ರೋಜನ್ ಬಗ್ಗೆ ಬರೆದ ಆ ಮಗುವಿನದು ಏನೂ ತಪ್ಪಿಲ್ಲ. ಪುಸ್ತಕದಲ್ಲಿ ಇದ್ದದ್ದನ್ನು ಅದು ಬರೆದಿದೆ. ತಪ್ಪು ದೊಡ್ಡವರದು. ಹೊಸ ಇಂಧನದ ಸಂಶೋಧನೆ ಎಂದ ಕೂಡಲೇ ನಮ್ಮ ಸರ್ಕಾರಗಳ ಕಣ್ಣು ಆಕಾಶದ ಕಡೆ ಹೋಗುತ್ತದೆ. ಅಡುಗೆ ಮನೆಯ ಕಡೆ ತಿರುಗಿದರೂ ಬಾಗಿಲಲ್ಲೇ ನಿಂತು ಹಿಂದಕ್ಕೆ ಬರುತ್ತದೆ. ಇದು ನನ್ನ ದೂರು.

ಸುಮ್ಮನೆ ದೂರುತ್ತಿಲ್ಲ, ಕಣ್ಣಾರೆ ಕಂಡಿದ್ದೇನೆ. 1994ರಲ್ಲಿ ತುಮಕೂರು ಜಿಲ್ಲೆಯ ಒಂದು ಹಳ್ಳಿಗೆ ಹೊಸ ಟೀಚರಾಗಿ ಹೋದೆ. ನಾನು ಬಾಡಿಗೆಗಿದ್ದ ಮನೆಯಲ್ಲಿ ಒಂದು ದಿನ ‘ಹೊಗೆರಹಿತ ಒಲೆ’ ಕಟ್ಟಿಕೊಟ್ಟರು. ಕೇಂದ್ರ ಸರ್ಕಾರ 1983ರಲ್ಲಿ ಶುರು ಮಾಡಿದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮದ ಕೊಡುಗೆ ಅದು. ಬಂದವರು ಅರ್ಧ ದಿನದಲ್ಲಿ ಕೆಲಸ ಮುಗಿಸಿ, ರಿಜಿಸ್ಟರಿನಲ್ಲಿ ಯಜಮಾನರ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಒಲೆ ಯಾರದು, ಹೆಬ್ಬೆಟ್ಟು ಯಾರದು ನೋಡಿ!

ಮೊದಲ ತಿಂಗಳು ಮನೆಯಾಕೆಗೆ ಹಿಡಿಸಲಾರದ ಸಂತೋಷ. ಕಣ್ಣುರಿ ಇಲ್ಲ, ಊದುಗೊಳವೆ ಮೂಲೆ ಸೇರಿತು. ಆಮೇಲೆ ಶುರುವಾಯಿತು ರಾಮಾಯಣ. ಒಲೆಯ ಕಣ್ಣು ಅವರ ಮುದ್ದೆ ಪಾತ್ರೆಗೆ ಸರಿಯಾಗಿ ಕೂರದು. ರಾಗಿ ಮುದ್ದೆಯೆಂದರೆ ಕೋಲು ಹಾಕಿ ಮೈಬಗ್ಗಿಸಿ ತೊಳಸಬೇಕು; ಎರಡು ಸಲ ತೊಳಸುವಷ್ಟರಲ್ಲಿ ಮಣ್ಣಿನ ಅಂಚು ಬಿರುಕು ಬಿಟ್ಟಿತು. ಹೊಗೆ ಕೊಳವೆಯಲ್ಲಿ ಮಸಿ ಕಟ್ಟಿ ಹೊಗೆಯೆಲ್ಲ ಮತ್ತೆ ಮನೆಯೊಳಕ್ಕೇ ಬಂತು. ಕಟ್ಟಿದವರಿಗೆ ಹೇಳಿ ಕಳಿಸಿದರೆ, “ನಮ್ಮ ಗುರಿ ಮುಗೀತು, ಈಗ ಬೇರೆ ಊರು” ಎಂದರಂತೆ. “ಟೀಚರಮ್ಮ, ಒಲೆ ಕಟ್ಟೋಕೆ ಮುಂಚೆ ಒಂದು ಮಾತು ನನ್ನ ಕೇಳಿದ್ರೆ ಅವರ ಗಂಟೇನು ಹೋಗ್ತಿತ್ತು?” ಎಂದು ಆಕೆ ಕೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಆರು ತಿಂಗಳಿಗೆ ಆ ಒಲೆ ಒಡೆದು ಹಳೆಯ ಮೂರು ಕಲ್ಲು ಹೂಡಿದರು. ಸರ್ಕಾರದ ಲೆಕ್ಕದಲ್ಲಿ ಮಾತ್ರ ಅದು ಉರಿಯುತ್ತಲೇ ಇತ್ತು. 2002ರಲ್ಲಿ ಕೇಂದ್ರ ಆ ಕಾರ್ಯಕ್ರಮದಿಂದ ಕೈ ತೊಳೆದುಕೊಂಡಾಗ ದೇಶದಲ್ಲಿ ಕಟ್ಟಿದ ಒಲೆಗಳ ಲೆಕ್ಕ ಮೂರು ಕೋಟಿ ದಾಟಿತ್ತು.

ನಮ್ಮ ವಿಜ್ಞಾನಿಗಳಿಗೆ ಬುದ್ಧಿ ಇರಲಿಲ್ಲವೇ? ಇತ್ತು. ಅದೂ ನಮ್ಮ ನಾಡಿನಲ್ಲೇ ಇತ್ತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಗೆಳೆಯರೊಡನೆ ‘ಅಸ್ತ್ರ’ ಎಂಬ ವಿಭಾಗ ಕಟ್ಟಿದರು. ಹಳ್ಳಿಗೆ ಬೇಕಾದ ವಿಜ್ಞಾನ ಮಾಡುವುದು ಅದರ ಕೆಲಸ. ಅವರು ಮೊದಲು ಯಂತ್ರ ಮಾಡಲಿಲ್ಲ. ಕುಣಿಗಲ್ ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ ಯಾರ ಮನೆಯಲ್ಲಿ ಎಷ್ಟು ಸೌದೆ, ಅದನ್ನು ತರಲು ಎಷ್ಟು ಹೊತ್ತು, ಎಷ್ಟು ದೂರ ಎಂದು ಲೆಕ್ಕ ಹಾಕಿದರು. ಪುರ ಎಂಬ ಪುಟ್ಟ ಊರಿನಲ್ಲಿ ಬಳಕೆಯಾಗುವ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ ಸೌದೆಯದೇ ಪಾಲು. ಮನುಷ್ಯರು ಮೈಮುರಿದು ಹಾಕುವ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು. ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದ ಸಂಗತಿಯೇ ಸರಿ. ಆದರೆ ಅಂಕಿಯಾಗಿ ಕಾಗದದ ಮೇಲೆ ಬಿದ್ದಾಗ ಅದಕ್ಕೊಂದು ತೂಕ ಬಂತು.

ಅದೇ ವಿಭಾಗದಿಂದ ಬಂದದ್ದು ಅಸ್ತ್ರ ಒಲೆ. ಮೂರು ಪಾತ್ರೆ ಕೂರುವ, ಉರಿಯನ್ನು ಒಳಗೇ ಮುಚ್ಚಿ ಹಿಡಿಯುವ ಒಲೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತನೆಯ ಒಂದು ಪಾಲು ಪಾತ್ರೆಗೆ ದಕ್ಕಿದರೆ ಹೆಚ್ಚು. ಪ್ರಯೋಗಾಲಯದಲ್ಲಿ ಅದನ್ನು ನೂರಕ್ಕೆ ನಲವತ್ತರವರೆಗೆ ಏರಿಸಿದರು. ಪುರದಲ್ಲಿ ಮೊದಲು ಗೋಬರ್ ಅನಿಲವನ್ನು ಅಡುಗೆಗೆ ಕೊಡಲು ಹೊರಟರು. ಇದ್ದ ದನಗಳ ಸಗಣಿ ಊರಿನ ಅಡುಗೆಗೆಲ್ಲ ಸಾಲಲಿಲ್ಲ. ಸೋತೆವೆಂದು ಮುಚ್ಚಿಟ್ಟರೇ? ಇಲ್ಲ, ಊರವರನ್ನು ಕೇಳಿದರು. ನಮಗೆ ಕುಡಿಯುವ ನೀರು ಬೇಕು ಎಂದರು ಜನ. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ನೀರೆತ್ತಿ, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತೂಗಿ ದುಡ್ಡೂ ಕೊಟ್ಟರು. ಹಲವು ವರ್ಷ ನಡೆದು ಅದೂ ನಿಂತಿತು ಎನ್ನುವುದು ನಿಜ. ಆದರೂ ಸಂಶೋಧನೆಯೆಂದರೆ ನನಗೆ ಅದು: ಹೋಗುವುದು, ಕೇಳುವುದು, ಮಾಡುವುದು, ತಪ್ಪಿದರೆ ಮತ್ತೆ ಹೋಗುವುದು. ಸರ್ಕಾರದ ಕಾರ್ಯಕ್ರಮಗಳು ನಡುವಿನ ‘ಮಾಡುವುದ’ನ್ನು ಮಾತ್ರ ಇಟ್ಟುಕೊಂಡು ಉಳಿದ ಮೂರನ್ನೂ ಬಿಟ್ಟವು.

ದುಡ್ಡಿಲ್ಲ ಎನ್ನುವ ಮಾತನ್ನಂತೂ ನಾನು ಒಪ್ಪುವುದಿಲ್ಲ. 2010ರ ಬಜೆಟ್ಟಿನಲ್ಲಿ ಒಂದು ಟನ್ ಕಲ್ಲಿದ್ದಲಿಗೆ 50 ರೂಪಾಯಿ ಸೆಸ್ ಹಾಕಿದರು. ಅದರಿಂದ ರಾಷ್ಟ್ರೀಯ ಶುದ್ಧ ಇಂಧನ ನಿಧಿ ಕಟ್ಟುತ್ತೇವೆ, ಸಂಶೋಧನೆಗೂ ಹೊಸ ಪ್ರಯೋಗಗಳಿಗೂ ಕೊಡುತ್ತೇವೆ ಎಂದರು. 2016ರ ಹೊತ್ತಿಗೆ ಸೆಸ್ 400 ರೂಪಾಯಿಗೆ ಏರಿತು. ಕಲ್ಲಿದ್ದಲಿನ ಬೆಲೆ ಏರಿದರೆ ಆ ಭಾರ ಕೊನೆಗೆ ನಮ್ಮ ಕರೆಂಟ್ ಬಿಲ್ಲಿನ ಮೇಲೇ. 2018ರವರೆಗೆ ಸಂಗ್ರಹವಾದದ್ದು 86 ಸಾವಿರ ಕೋಟಿಗೂ ಹೆಚ್ಚು. ನಿಧಿಗೆ ಸೇರಿದ್ದು 30 ಸಾವಿರ ಕೋಟಿಗೂ ಕಡಿಮೆ. ಅದರಲ್ಲಿ ಯೋಜನೆಗಳಿಗೆ ಹೋದದ್ದು 16 ಸಾವಿರ ಕೋಟಿಯ ಒಳಗೆ. 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ರಾಜ್ಯಗಳ ನಷ್ಟ ತುಂಬಿಕೊಡುವ ಲೆಕ್ಕಕ್ಕೆ ಆ ಹಣದ ದಾರಿಯೇ ತಿರುಗಿತು. ಮಗಳ ಮದುವೆಗೆಂದು ಕಟ್ಟಿದ ಚೀಟಿಯ ದುಡ್ಡನ್ನು ಗಂಡ ಅಂಗಡಿ ಸಾಲಕ್ಕೆ ಕೊಟ್ಟುಬಂದರೆ ನಾವು ಸುಮ್ಮನಿರುತ್ತೇವೆಯೇ? ಇಲ್ಲಿ ಮಾತ್ರ ಯಾಕೆ ಸುಮ್ಮನಿದ್ದೇವೆ?

ಇನ್ನು ಹೈಡ್ರೋಜನ್. 2023ರ ಜನವರಿಯಲ್ಲಿ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ 19,744 ಕೋಟಿ ರೂಪಾಯಿ ಒಪ್ಪಿದರು. ಬೇಡವೆನ್ನಲು ನಾನಾರು? ಉಕ್ಕಿಗೆ, ಗೊಬ್ಬರಕ್ಕೆ ಅದು ಬೇಕು. ಆದರೆ ಅದರಲ್ಲೂ ಸಂಶೋಧನೆಗೆಂದು ಇಟ್ಟದ್ದು 400 ಕೋಟಿ, ರೂಪಾಯಿಗೆ ಎರಡು ಪೈಸೆ! ಮರುತಿಂಗಳೇ ಬೆಂಗಳೂರಿನ ಇಂಧನ ಸಮ್ಮೇಳನದಲ್ಲಿ ಸರ್ಕಾರಿ ತೈಲ ಕಂಪನಿ ತಯಾರಿಸಿದ, ಮನೆಯೊಳಗೇ ಅಡುಗೆ ಮಾಡಬಹುದಾದ ಸೂರ್ಯ ಒಲೆಯನ್ನು ಪ್ರಧಾನಿಗಳು ಬಿಡುಗಡೆ ಮಾಡಿದರು. ಟಿ.ವಿ.ಯಲ್ಲಿ ನೋಡಿ ನಿಜವಾಗಿ ಖುಷಿಪಟ್ಟೆ. ಆದರೆ ಮನಸ್ಸು ಹಳೆಯ ಪ್ರಶ್ನೆಯನ್ನೇ ಕೇಳಿತು: ಇದರ ಮೇಲೆ ಮುದ್ದೆ ತೊಳಸಿ ನೋಡಿದವರು ಯಾರು? ಕೆಟ್ಟರೆ ಯಾರಿಗೆ ಹೇಳಬೇಕು?

ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳಿದಾಗ ವಿಜ್ಞಾನದ ಮೇಷ್ಟ್ರು ನಕ್ಕರು. “ಏನ್ ಮೇಡಂ, ಉಜ್ವಲ ಬಂದು ಮನೆಮನೆಗೂ ಗ್ಯಾಸ್ ಕೊಟ್ಟಾಯ್ತು. ಇನ್ನೂ ಒಲೆ ಒಲೆ ಅಂತೀರಲ್ಲ!” 2016ರಲ್ಲಿ ಬಂದ ಆ ಯೋಜನೆಯಿಂದ ಕೋಟಿಗಟ್ಟಲೆ ಹೆಂಗಸರಿಗೆ ಸಿಲಿಂಡರ್ ಸಿಕ್ಕಿದ್ದು ಒಳ್ಳೆಯದೇ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಹೊಗೆಯಿಲ್ಲದ ಇಂಧನದಲ್ಲಿ ಅಡುಗೆ ಮಾಡುವ ಮನೆಗಳು ನೂರಕ್ಕೆ 59. ಉಳಿದ 41? ಸಿಲಿಂಡರ್ ಮನೆಗೆ ಬರುವುದು ಬೇರೆ, ತಿಂಗಳು ತಿಂಗಳು ತುಂಬಿಸಲು ಕೈಯಲ್ಲಿ ಕಾಸಿರುವುದು ಬೇರೆ. ನೆಂಟರು ಬಂದಾಗ ಮಾತ್ರ ಹಚ್ಚುವ ಮನೆಯನ್ನು ಯಾವ ಪಟ್ಟಿಗೆ ಸೇರಿಸುತ್ತೀರಿ ಎಂದು ಕೇಳಿದೆ. ಮೇಷ್ಟ್ರು ಕಾಫಿ ಲೋಟ ತೊಳೆಯಲು ಎದ್ದುಹೋದರು.

ನನ್ನ ಬೇಡಿಕೆ ದೊಡ್ಡದೇನಲ್ಲ. ಮನೆಗೆಂದು ಮಾಡುವ ಯಾವುದೇ ಇಂಧನ ಸಂಶೋಧನೆಯಲ್ಲಿ ಹತ್ತು ರೂಪಾಯಿಗೆ ಒಂದು ರೂಪಾಯಿಯನ್ನು ಎರಡು ವರ್ಷದ ನಂತರ ಹೋಗಿ ನೋಡಿಬರುವುದಕ್ಕೆ ಎತ್ತಿಡಿ. ಪರೀಕ್ಷೆಗೆ ಅಡುಗೆ ಮಾಡುವ ಹೆಂಗಸರನ್ನು ಕೂಲಿ ಕೊಟ್ಟು ಕರೆಸಿ, ಅವರು ಸಹಿ ಹಾಕದೆ ಯಾವ ಒಲೆಯೂ ಊರೂರಿಗೆ ಹೊರಡದಿರಲಿ. ಸೋತದ್ದನ್ನು ಪುರದವರಂತೆ ಬಾಯಿಬಿಟ್ಟು ಹೇಳಿ. ಸೆಸ್ ಎತ್ತುವುದಾದರೆ ಹೇಳಿದ ಕೆಲಸಕ್ಕೇ ಖರ್ಚು ಮಾಡಿ, ವರ್ಷಕ್ಕೊಮ್ಮೆ ಲೆಕ್ಕವನ್ನು ನಮಗೆ ಅರ್ಥವಾಗುವ ಕನ್ನಡದಲ್ಲಿ ಕೊಡಿ.

ನೀವೂ ಕೇಳಿ. ಮತ ಕೇಳಲು ಮನೆ ಬಾಗಿಲಿಗೆ ಬಂದವರನ್ನು ಒಳಗೆ ಕರೆದು ಅಡುಗೆ ಮನೆ ತೋರಿಸಿ. ನಮಗೇನು ತಿಳಿಯುತ್ತದೆ ಎಂದು ಹಿಂಜರಿಯಬೇಡಿ. ನಲವತ್ತು ವರ್ಷ ದಿನಕ್ಕೆರಡು ಹೊತ್ತು ಬೆಂಕಿಯ ಮುಂದೆ ಕೂತವಳಿಗಿಂತ ಇಂಧನದ ವಿಷಯ ಹೆಚ್ಚು ತಿಳಿದವರು ಯಾರಿದ್ದಾರೆ?

ಮುಂದಿನ ವಿಜ್ಞಾನ ದಿನಕ್ಕೆ ಪ್ರಬಂಧದ ವಿಷಯ ನಾನೇ ಕೊಡುತ್ತೇನೆಂದು ಹೆಡ್ಮಾಸ್ಟರಿಗೆ ಹೇಳಿದ್ದೇನೆ. ‘ನಮ್ಮ ಅಮ್ಮನ ಒಲೆ.’ ಪುಸ್ತಕ ನೋಡಿ ಬರೆದವರಿಗೆ ಬಹುಮಾನ ಇಲ್ಲ.